ಸೊಂಟದ ಕೀಲಿನ ಕಥೆ: ಲಂಡನ್ ಕಲಿತ ಪಾಠ, ನಮಗೂ ಒಂದು ಪಾಠ

ಗಲ್ಫ್‌ನಲ್ಲಿ ದುಡಿಯುವ ನಮ್ಮವರು ಸೇರಿದಲ್ಲಿ ಬೆನ್ನುನೋವು, ಮಂಡಿನೋವಿನ ಮಾತು ಬರುವಷ್ಟು ಹಿಪ್ ಜಾಯಿಂಟಿನ ಮಾತು ಬರುವುದಿಲ್ಲ. ಆದರೂ ದಿನವಿಡೀ ಕುಕ್ಕರುಗಾಲಲ್ಲಿ ಕುಳಿತು ಟೈಲ್ಸ್ ಹಾಕುವವರು, ಟ್ರೇಲರ್ ಓಡಿಸುವವರು, ಗೋದಾಮಿನಲ್ಲಿ ಮೂಟೆ ಎತ್ತುವವರು, ಹೋಟೆಲಿನ ಅಡುಗೆಮನೆಯಲ್ಲಿ ಹತ್ತು ಹನ್ನೆರಡು ಗಂಟೆ ನಿಲ್ಲುವವರಲ್ಲಿ ಅನೇಕರು ತೊಡೆಸಂದಿನ ನೋವನ್ನು ಬಾಮ್ ಹಚ್ಚಿ, ಮಾತ್ರೆ ನುಂಗಿ ತಿಂಗಳುಗಟ್ಟಲೆ ದೂಡುತ್ತಾರೆ. ಹೇಳಿಕೊಂಡರೆ ಕೆಲಸಕ್ಕೆ ಕುತ್ತು ಬಂದೀತು ಎಂಬ ಹೆದರಿಕೆ ಒಂದು ಕಡೆ. ರಜೆಗೆ ಊರಿಗೆ ಹೋಗಿ ಸ್ಕ್ಯಾನ್ ಮಾಡಿಸಿದಾಗ ವರದಿಯಲ್ಲಿ 'ಹರಿದಿದೆ' ಎಂಬ ಪದ ಕಂಡು ಮನೆಮಂದಿಗೆಲ್ಲ ಗಾಬರಿ ಇನ್ನೊಂದು ಕಡೆ. ಸಾಲ ಮಾಡಿ ಆಪರೇಷನ್ ಮಾಡಿಸುವುದೋ, ಗಲ್ಫ್ ಕೆಲಸವನ್ನೇ ಬಿಡುವುದೋ ಎಂಬ ಯೋಚನೆ ಅಲ್ಲಿಂದ ಶುರುವಾಗುತ್ತದೆ.

ಇಂಥ ಹೊತ್ತಿನಲ್ಲಿ ಸ್ವಲ್ಪ ಇತಿಹಾಸ ತಿಳಿದಿರುವುದು ಒಳ್ಳೆಯದು ಎಂಬುದು ನಮ್ಮ ಅನಿಸಿಕೆ. ಕೀಲಿನೊಳಗಿನ ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್, ಕೆಟ್ಟರೆ ಮುಂದೇನು ಎಂಬ ಪ್ರಶ್ನೆಯನ್ನು ಲಂಡನ್ ನಗರದ ವೈದ್ಯರು 280 ವರ್ಷಗಳಿಂದ ಕೇಳಿಕೊಂಡು ಬಂದಿದ್ದಾರೆ. ಇಂದು ಗಲ್ಫ್‌ನ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗಕ್ಕೆ ಹೋದರೆ ಮಂಗಳೂರು, ಮಣಿಪಾಲ, ಬೆಂಗಳೂರಿನಲ್ಲಿ ಓದಿದ ನಮ್ಮ ಹುಡುಗ ಹುಡುಗಿಯರೇ ಎಷ್ಟೋ ಸಲ ಎದುರಾಗುತ್ತಾರೆ. ಅವರು ಕಲಿತ ವಿದ್ಯೆಯ ಒಂದು ಮುಖ್ಯ ಬೇರು ಲಂಡನ್ನಿನಲ್ಲಿದೆ. ಆ ಬೇರನ್ನು ಹಿಡಿದು ಹೋದರೆ ನಮ್ಮ ಪ್ರಶ್ನೆಗೂ ಸಾಕಷ್ಟು ಉತ್ತರ ಸಿಗುತ್ತದೆ.

ಮೊದಲು ಕೀಲಿನ ಪರಿಚಯ

ಕನ್ನಡದಲ್ಲಿ ನಾವು ಸೊಂಟ ಎಂದಾಗ ಹೆಚ್ಚಾಗಿ ಬೆನ್ನಿನ ಕೆಳಭಾಗವನ್ನೇ ಹೇಳುತ್ತೇವೆ. ವೈದ್ಯರು ಹಿಪ್ ಎನ್ನುವುದು ಬೇರೆ. ತೊಡೆಮೂಳೆಯ ಮೇಲ್ತುದಿಯ ಗುಂಡು, ಸೊಂಟದ ಎಲುಬಿನಲ್ಲಿರುವ ಬಟ್ಟಲಿನಂಥ ಗುಳಿಯೊಳಗೆ ಕೂರುವ ಜಾಗ ಅದು. ಅದು ಇರುವುದು ತೊಡೆಸಂದಿನ ಆಳದಲ್ಲಿ. ಆದ್ದರಿಂದ 'ಸೊಂಟ ನೋವು ಡಾಕ್ಟ್ರೇ' ಎಂದಷ್ಟೇ ಹೇಳಿದರೆ ಬೆನ್ನಿನ ಎಕ್ಸ್‌-ರೇ ತೆಗೆಸಿಕೊಂಡು ವಾಪಸಾಗುವ ಸಂಭವ ಉಂಟು. ನೋವು ಎಲ್ಲಿ ಎಂದು ಕೈಯಿಟ್ಟು ತೋರಿಸುವುದೇ ಮೇಲು.

ಗುಂಡಿಗೂ ಗುಳಿಗೂ ಮೃದ್ವಸ್ಥಿಯ ನುಣುಪಾದ ಹೊದಿಕೆ ಇದೆ. ದಪ್ಪ ಕೆಲವೇ ಮಿಲಿಮೀಟರ್. ಅದರ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರು. ಗುಳಿಯ ಅಂಚಿನ ಸುತ್ತ ನಲ್ಲಿಯ ವಾಷರ್‌ನಂಥ ಒಂದು ಉಂಗುರವಿದೆ. ಇದಕ್ಕೆ ಲೇಬ್ರಂ ಎಂದು ಹೆಸರು. ಕೀಲಿನ ದ್ರವ ಹೊರಗೆ ಜಾರದಂತೆ, ಗುಂಡು ಗುಳಿಯಲ್ಲಿ ಬಿಗಿಯಾಗಿ ಕೂರುವಂತೆ ನೋಡಿಕೊಳ್ಳುವುದು ಅದರ ಕೆಲಸ. ಬಿದ್ದಾಗ, ಕಾಲು ಉಳುಕಿದಾಗ, ಇಲ್ಲವೇ ವರ್ಷಗಟ್ಟಲೆ ಆಳವಾಗಿ ಬಗ್ಗಿ ತಿರುಗಿ ಒತ್ತಡ ಬಿದ್ದಾಗ ಈ ಉಂಗುರ ಹರಿಯಬಹುದು, ಪಕ್ಕದ ಮೃದ್ವಸ್ಥಿ ಸವೆಯಬಹುದು. ಕಾರು ಹತ್ತಿ ಇಳಿಯುವಾಗ, ಚಕ್ಕಳಮಕ್ಕಳ ಹಾಕಿ ಕೂರುವಾಗ, ನಿಂತಲ್ಲೇ ತಿರುಗುವಾಗ ತೊಡೆಸಂದಿನಲ್ಲಿ ಚುಚ್ಚಿದಂತಾಗುವುದು, ಕೀಲು ಕಟಕ್ ಎನ್ನುವುದು ಅಥವಾ ಸಿಕ್ಕಿಕೊಂಡಂತಾಗುವುದು ಇದರ ಸಾಮಾನ್ಯ ಲಕ್ಷಣ.

1743: ಮಖಮಲ್ಲಿನ ಹೋಲಿಕೆ

ಸ್ಕಾಟ್ಲೆಂಡಿನಿಂದ ಲಂಡನ್ನಿಗೆ ಕಲಿಯಲು ಬಂದ ವಿಲಿಯಂ ಹಂಟರ್ ಎಂಬ ತರುಣ 1743ರಲ್ಲಿ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಒಪ್ಪಿಸಿದ. ವಿಷಯ, ಕೀಲುಗಳ ಮೃದ್ವಸ್ಥಿಯ ರಚನೆ ಮತ್ತು ಅದಕ್ಕೆ ಬರುವ ರೋಗಗಳು. ಆಗ ಅವನಿಗೆ 25 ವರ್ಷ. ಮುಂದೆ ಅವನು ಲಂಡನ್ನಿನ ಹೆಸರಾಂತ ಅಂಗರಚನಾ ಶಿಕ್ಷಕನಾದ. ಮೃದ್ವಸ್ಥಿಯ ಎಳೆಗಳು ಮೂಳೆಯ ಮೇಲೆ ಮಖಮಲ್ ಬಟ್ಟೆಯ ಜುಂಗಿನಂತೆ ನೆಟ್ಟಗೆ ನಿಂತಿವೆ ಎಂದು ಅವನು ಹೋಲಿಸಿದ. ರಕ್ತನಾಳಗಳು ಮೃದ್ವಸ್ಥಿಯ ಅಂಚಿನವರೆಗೆ ಬಂದು ಬಳೆಯಂತೆ ಸುತ್ತುವುದನ್ನೂ ಗುರುತಿಸಿದ. ಕೆಟ್ಟ ಮೃದ್ವಸ್ಥಿ ಬಹಳ ತೊಂದರೆ ಕೊಡುತ್ತದೆ, ಒಮ್ಮೆ ನಾಶವಾದರೆ ಮರಳಿ ಬರುವುದಿಲ್ಲ ಎಂದು ಗ್ರೀಕ್ ವೈದ್ಯ ಹಿಪಾಕ್ರಟೀಸನ ಕಾಲದಿಂದ ತನ್ನ ಕಾಲದವರೆಗೆ ಎಲ್ಲರೂ ಒಪ್ಪಿದ್ದಾರೆ ಎಂದು ಬರೆದ.

ಹಂಟರನ ಈ ಮಾತು ಇಂದಿಗೂ ವೈದ್ಯರ ಬಾಯಲ್ಲಿದೆ. ಕಾರಣವೂ ಈಗ ಗೊತ್ತು. ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ. ಚರ್ಮ ಕೊಯ್ದರೆ, ಮೂಳೆ ಮುರಿದರೆ ರಕ್ತದ ಮೂಲಕ ದುರಸ್ತಿಯ ಸಾಮಗ್ರಿ ಬರುತ್ತದೆ, ಇಲ್ಲಿಗೆ ಬರುವುದಿಲ್ಲ. ಅದಕ್ಕೆ ಆಹಾರ ಸಿಗುವುದು ಕೀಲಿನ ದ್ರವದಿಂದ. ಹೆಜ್ಜೆ ಇಟ್ಟು ಭಾರ ಬಿದ್ದಾಗ ದ್ರವ ಹಿಂಡಿ ಹೊರಹೋಗುತ್ತದೆ, ಭಾರ ಇಳಿದಾಗ ಮತ್ತೆ ಒಳಗೆ ಹೀರಿಕೊಳ್ಳುತ್ತದೆ. ಅಂದರೆ ಕೀಲು ಅಲುಗಾಡುತ್ತಿದ್ದರೆ ಮಾತ್ರ ಮೃದ್ವಸ್ಥಿಗೆ ಊಟ. ಹಂಟರನ ಮಾತಿನ ಮೊದಲರ್ಧವನ್ನು ಲೋಕ ಬೇಗ ನಂಬಿತು. ಚಲನೆಯ ಈ ಎರಡನೆಯ ಸಂಗತಿ ತಿಳಿಯಲು ಬಹಳ ಕಾಲ ಹಿಡಿಯಿತು.

ಹಾಸಿಗೆಯೇ ಮದ್ದಾಗಿದ್ದ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಕೀಲುನೋವಿಗೆ ದೊಡ್ಡ ಮದ್ದೆಂದರೆ ವಿಶ್ರಾಂತಿ. ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಹಿಲ್ಟನ್ 1860ರಿಂದ 1862ರವರೆಗೆ ವಿಶ್ರಾಂತಿ ಮತ್ತು ನೋವಿನ ಕುರಿತು ಕೊಟ್ಟ ಉಪನ್ಯಾಸಗಳು 1863ರಲ್ಲಿ ಪುಸ್ತಕವಾದವು. ಆಗ ಹಿಪ್ ಕೀಲಿನ ರೋಗವೆಂದರೆ ಬಹಳಷ್ಟು ಸಲ ಮಕ್ಕಳಿಗೆ ಬರುತ್ತಿದ್ದ ಕ್ಷಯ. ಅಂಥ ಕೀಲನ್ನು ಅಲುಗಿಸದೆ ಇಡುವುದಕ್ಕೆ ಅರ್ಥವೂ ಇತ್ತು.

ಹಿಲ್ಟನ್ ಬಿಟ್ಟುಹೋದ ಇನ್ನೊಂದು ತಿಳಿವಳಿಕೆ ನಮಗೆ ಇಂದಿಗೂ ಉಪಯುಕ್ತ. ಒಂದು ಕೀಲಿಗೆ ಹೋಗುವ ನರವೇ ಅದನ್ನು ಆಡಿಸುವ ಸ್ನಾಯುಗಳಿಗೂ ಅದರ ಮೇಲಿನ ಚರ್ಮಕ್ಕೂ ಹೋಗುತ್ತದೆ ಎಂದು ಅವನು ತೋರಿಸಿಕೊಟ್ಟ. ಹಿಪ್ ಕೀಲಿಗೆ ಹೋಗುವ ನರದ ಕೊಂಬೆಗಳು ಮಂಡಿಯ ಕಡೆಗೂ ಹೋಗುವುದರಿಂದ ಹಿಪ್ ಕೆಟ್ಟಾಗ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳಬಹುದು. ಮಂಡಿಗೆ ಎಷ್ಟು ಎಣ್ಣೆ ತಿಕ್ಕಿದರೂ ನೋವು ಹೋಗದಿದ್ದರೆ ಮೇಲಿನ ಕೀಲನ್ನೂ ನೋಡಬೇಕು ಎಂಬ ಪಾಠ ಅಲ್ಲಿಂದ ಬಂದದ್ದು.

ಆದರೆ ಕ್ಷಯಕ್ಕೆ ಹೊಂದುತ್ತಿದ್ದ ದೀರ್ಘ ವಿಶ್ರಾಂತಿ ಎಲ್ಲ ಬಗೆಯ ನೋವಿಗೂ ಹೊಂದಲಿಲ್ಲ. ತಿಂಗಳುಗಟ್ಟಲೆ ಮಲಗಿದ ಕಾಲಿನ ಸ್ನಾಯು ಬಡವಾಗುತ್ತದೆ, ಕೀಲು ಬಿಗಿಯುತ್ತದೆ. ಎದ್ದು ನಡೆಯುವ ಹೊತ್ತಿಗೆ ಸ್ನಾಯು ಹೊರಬೇಕಾದ ಭಾರವೂ ಕೀಲಿನ ಮೇಲೆಯೇ ಬೀಳುತ್ತದೆ.

ನಾಲ್ವರು ನರ್ಸ್‌ಗಳು ಕಟ್ಟಿದ ಸಂಘ

ಚಲನೆಯನ್ನು ಚಿಕಿತ್ಸೆಯಾಗಿ ಬಳಸುವ ಪದ್ಧತಿಯನ್ನು ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಸಂಸ್ಥೆ ಕಟ್ಟಿ ಬೆಳೆಸಿದ್ದ. ಅದು ಲಂಡನ್ನಿಗೂ ಬಂತು. ಆದರೆ 1894ರಲ್ಲಿ ಅಲ್ಲಿ ಮಸಾಜಿನ ಹೆಸರಿಗೆ ಮಸಿ ಹತ್ತಿತು. ಮಸಾಜ್ ಮನೆಗಳ ಹೆಸರಿನಲ್ಲಿ ಬೇರೆ ದಂಧೆ ನಡೆಯುತ್ತಿದೆ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ ಬರೆಯಿತು. ಮರ್ಯಾದೆಯಿಂದ ಈ ಕೆಲಸ ಮಾಡುತ್ತಿದ್ದವರಿಗೂ ತಲೆ ಎತ್ತುವುದು ಕಷ್ಟವಾಯಿತು.

ಆಗ ಲೂಸಿ ರಾಬಿನ್ಸನ್, ರೋಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ನರ್ಸ್‌ಗಳು ಸೇರಿ ತರಬೇತಾದ ಮಸಾಜ್ ದಾದಿಯರ ಸಂಘ ಕಟ್ಟಿದರು. ಪರೀಕ್ಷೆ ಇಟ್ಟರು. ವೈದ್ಯರ ಸೂಚನೆ ಇಲ್ಲದೆ ಚಿಕಿತ್ಸೆ ಇಲ್ಲ, ವೃತ್ತಿಯ ಪತ್ರಿಕೆಗಳಲ್ಲದೆ ಬೇರೆಲ್ಲೂ ಜಾಹೀರಾತು ಇಲ್ಲ, ರೋಗಿಗಳಿಗೆ ಔಷಧಿ ಮಾರುವಂತಿಲ್ಲ ಎಂಬ ಕಟ್ಟುನಿಟ್ಟು ಮಾಡಿದರು. ಸಂಘಕ್ಕೆ 1920ರಲ್ಲಿ ರಾಜಸನ್ನದು ಸಿಕ್ಕಿತು. 1944ರಲ್ಲಿ ಅದರ ಹೆಸರು ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ ಎಂದಾಯಿತು. ಬ್ರಿಟನ್ನಿನ ಫಿಸಿಯೋಥೆರಪಿಸ್ಟರ ಸಂಘ ಇಂದಿಗೂ ಇದೇ. ಸಂಘ ಕಟ್ಟುವುದೆಂದರೆ ಏನೆಂದು ಪರದೇಶದಲ್ಲಿ ಕನ್ನಡ ಸಂಘ ನಡೆಸುವ ನಮಗೆ ಗೊತ್ತು. ಹೆಸರು ಉಳಿಸಿಕೊಳ್ಳಲು ಮೊದಲು ನಮ್ಮ ಮೇಲೆ ನಾವೇ ನಿಯಮ ಹಾಕಿಕೊಳ್ಳಬೇಕಾಗುತ್ತದೆ. ಆ ನಾಲ್ವರು ಮಾಡಿದ್ದೂ ಅದನ್ನೇ.

ಕೆಲಸವೇ ಚಿಕಿತ್ಸೆಯಾದಾಗ

ಮೊದಲನೆಯ ಮಹಾಯುದ್ಧ ವಿಶ್ರಾಂತಿಯ ನಂಬಿಕೆಯನ್ನು ಅಲುಗಿಸಿತು. ಕೈಕಾಲು ಜಖಂಗೊಂಡ ಸೈನಿಕರು ಸಾವಿರಗಟ್ಟಲೆ ಮರಳಿದರು. ಅವರೆಲ್ಲರನ್ನೂ ಮಲಗಿಸಿಡುವಂತಿರಲಿಲ್ಲ, ಅವರು ಮತ್ತೆ ದುಡಿಯಬೇಕಿತ್ತು. 1916ರಲ್ಲಿ ಪಶ್ಚಿಮ ಲಂಡನ್ನಿನ ಷೆಪರ್ಡ್ಸ್ ಬುಷ್‌ನಲ್ಲಿ ಸೇನೆಯ ಮೂಳೆ ಚಿಕಿತ್ಸಾ ಆಸ್ಪತ್ರೆ ತೆರೆಯಿತು. ಇದರ ಹಿಂದಿದ್ದವರು ಶಸ್ತ್ರವೈದ್ಯ ರಾಬರ್ಟ್ ಜೋನ್ಸ್. ಅಲ್ಲಿ ಮಸಾಜ್, ವ್ಯಾಯಾಮದ ಜತೆಗೆ ಕಾರ್ಯಾಗಾರಗಳಿದ್ದವು. ಬಡಗಿ ಕೆಲಸ, ಕಬ್ಬಿಣದ ಕೆಲಸ ಮಾಡುತ್ತಲೇ ರೋಗಿಗಳು ತಮ್ಮ ಕೀಲುಗಳನ್ನು ಮತ್ತೆ ಪಳಗಿಸುತ್ತಿದ್ದರು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ 1915ರಲ್ಲಿ ಶುರುವಾದ ಸೇಂಟ್ ಡನ್‌ಸ್ಟನ್ಸ್ ಎಂಬ ಆಶ್ರಯದಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೂ ಮಸಾಜ್ ವಿದ್ಯೆ ಕಲಿಸಿದರು. ಗಾಯಾಳುಗಳೇ ಗಾಯಾಳುಗಳನ್ನು ಉಪಚರಿಸುವವರಾದರು.

ದುಡಿಮೆಯ ಮನುಷ್ಯನನ್ನು ದುಡಿಮೆಗೆ ಮರಳಿಸುವುದೇ ಚಿಕಿತ್ಸೆಯ ಗುರಿ ಎಂಬ ವಿಚಾರ ಹೀಗೆ ಗಟ್ಟಿಯಾಯಿತು. ಗಲ್ಫ್‌ನಲ್ಲಿರುವ ನಮಗೆ ಇದಕ್ಕಿಂತ ಹತ್ತಿರದ ವಿಚಾರ ಬೇರೆ ಇಲ್ಲ.

ಥೇಮ್ಸ್ ದಂಡೆಯ ಆಸ್ಪತ್ರೆ

ಲಂಡನ್ನಿಗೆ ಹೋದ ಕನ್ನಡಿಗರು ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿರುವ ಬಸವಣ್ಣನವರ ಪ್ರತಿಮೆಯನ್ನು ನೋಡದೆ ಬರುವುದಿಲ್ಲ. 2015ರ ನವೆಂಬರ್ 14ರಂದು ಅದು ಅನಾವರಣಗೊಂಡಿತು. ಅಲ್ಲಿಂದ ನದಿಯ ಅದೇ ದಂಡೆಯಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಸೇಂಟ್ ಥಾಮಸ್ ಆಸ್ಪತ್ರೆ ಇದೆ. ಕಾಯಕದ ಮಹಿಮೆ ಸಾರಿದವರ ಪ್ರತಿಮೆಯ ನೆರೆಯಲ್ಲೇ, ದುಡಿಯುವ ಮೈಗೆ ಬೇಕಾದ ಈ ವಿದ್ಯೆ ಬೆಳೆದ ಆಸ್ಪತ್ರೆ ಇರುವುದು ನಮಗೆ ಸಂತೋಷದ ಸಂಗತಿ.

ಇಲ್ಲಿ ಜೇಮ್ಸ್ ಮೆನೆಲ್ ಎಂಬ ವೈದ್ಯರು ದೈಹಿಕ ಚಿಕಿತ್ಸೆಯ ವಿಭಾಗ ನೋಡಿಕೊಂಡರು. ಅವರ ನಂತರ ಜೇಮ್ಸ್ ಸಿರಿಯಾಕ್ಸ್ ಬಂದರು. ನೋವು ಎಲ್ಲಿಂದ ಬರುತ್ತಿದೆ ಎಂದು ಊಹಿಸುವ ಬದಲು ಕ್ರಮವಾಗಿ ಪರೀಕ್ಷಿಸುವುದನ್ನು ಸಿರಿಯಾಕ್ಸ್ ಕಲಿಸಿದರು. ರೋಗಿ ತಾನೇ ಕಾಲು ಆಡಿಸಿದಾಗ ಏನಾಗುತ್ತದೆ, ಪರೀಕ್ಷಿಸುವವರು ಆಡಿಸಿದಾಗ ಏನಾಗುತ್ತದೆ, ಕಾಲನ್ನು ಒತ್ತಿಹಿಡಿದು ರೋಗಿಗೆ ಬಲ ಹಾಕಲು ಹೇಳಿದಾಗ ಏನಾಗುತ್ತದೆ ಎಂದು ಒಂದೊಂದಾಗಿ ನೋಡಿದರೆ ಕೆಟ್ಟಿರುವುದು ಕೀಲೋ ಸ್ನಾಯುವೋ ಎಂದು ಗೊತ್ತಾಗುತ್ತದೆ. ಇಂದು ನಮ್ಮ ಫಿಸಿಯೋಥೆರಪಿಸ್ಟರು ಮೇಜಿನ ಮೇಲೆ ಮಲಗಿಸಿ ಕಾಲನ್ನು ಮಡಚಿ ತಿರುಗಿಸಿ ನೋಡುವುದರಲ್ಲಿ ಈ ಪರಂಪರೆಯ ಗುರುತಿದೆ.

1977ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆಯ ಸುತ್ತೋಲೆಯೊಂದು, ಯಾವ ಬಗೆಯ ಚಿಕಿತ್ಸೆ ಎಂಬುದನ್ನು ಫಿಸಿಯೋಥೆರಪಿಸ್ಟರೇ ನಿರ್ಧರಿಸಬಹುದು ಎಂದು ಒಪ್ಪಿತು. ವೈದ್ಯರ ಅಪ್ಪಣೆ ಇಲ್ಲದೆ ಕೈ ಹಾಕುವುದಿಲ್ಲ ಎಂದು ತಾವೇ ನಿಯಮ ಮಾಡಿಕೊಂಡವರು ಆ ನಂಬಿಕೆ ಗಳಿಸಲು 80 ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಉಕ್ಕಿನ ಕೀಲು ಮತ್ತು ಎಲುಬಿನ ಆಕಾರ

ಶಸ್ತ್ರವೈದ್ಯರೂ ಸುಮ್ಮನೆ ಕೂತಿರಲಿಲ್ಲ. 1938ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಫಿಲಿಪ್ ವೈಲ್ಸ್ ಎಂಬವರು 6 ಮಂದಿ ರೋಗಿಗಳಿಗೆ ಗುಂಡು, ಗುಳಿ ಎರಡನ್ನೂ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿ ಕೂರಿಸಿದರು. ಎರಡನೆಯ ಮಹಾಯುದ್ಧ ಆ ಪ್ರಯತ್ನವನ್ನು ನಿಲ್ಲಿಸಿತು. ಮುಂದೆ 1962ರಲ್ಲಿ ಲ್ಯಾಂಕಷೈರಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಮಾಡಿದ ವಿಧಾನ ಯಶಸ್ವಿಯಾಗಿ ಜಗತ್ತಿಗೆಲ್ಲ ಹರಡಿತು. ಪೂರ್ತಿ ಸವೆದ ಕೀಲಿನ ವಯಸ್ಸಾದವರಿಗೆ ಅದು ದೊಡ್ಡ ವರ. ಆದರೆ ಮೂವತ್ತು ನಲವತ್ತರ ಹರೆಯದಲ್ಲಿ ಲೇಬ್ರಂ ಹರಿದವರ ಪ್ರಶ್ನೆ ಅದರಿಂದ ತೀರಲಿಲ್ಲ.

ಆ ಪ್ರಶ್ನೆಗೆ ಒಂದು ಸುಳಿವು ಲಂಡನ್ನಿನ ರಾಯಲ್ ನ್ಯಾಷನಲ್ ಆರ್ಥೋಪೀಡಿಕ್ ಆಸ್ಪತ್ರೆಯಲ್ಲಿ ಸಿಕ್ಕಿತು. ಅಲ್ಲಿನ ಎಕ್ಸ್‌-ರೇ ತಜ್ಞ ರೊನಾಲ್ಡ್ ಮರ್ರೆ 1965ರಲ್ಲಿ, ಕಾರಣವಿಲ್ಲದೆ ಸವೆದವು ಎನ್ನುವ ಎಷ್ಟೋ ಹಿಪ್ ಕೀಲುಗಳಲ್ಲಿ ಗುಂಡಿನ ಆಕಾರದಲ್ಲೇ ಸಣ್ಣ ಓರೆ ಇರುವುದನ್ನು ತೋರಿಸಿದರು. 1971ರಲ್ಲಿ ಅವರೂ ಸಹೋದ್ಯೋಗಿಯೊಬ್ಬರೂ ಬರೆದ ಲೇಖನ, ಬೆಳೆಯುವ ವಯಸ್ಸಿನಲ್ಲಿ ಬಿರುಸಿನ ಆಟೋಟಕ್ಕೂ ಈ ಓರೆಗೂ ಇರುವ ನಂಟನ್ನು ಎತ್ತಿ ಹೇಳಿತು. 2003ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರೈನ್‌ಹೋಲ್ಡ್ ಗಾಂಜ್ ಮತ್ತು ಜತೆಗಾರರು ಈ ಎಳೆಯನ್ನು ಪೂರ್ತಿ ಬಿಡಿಸಿದರು. ಓರೆಯಾದ ಗುಂಡು, ಕಾಲನ್ನು ಆಳವಾಗಿ ಮಡಚಿದಾಗ ಗುಳಿಯ ಅಂಚಿಗೆ ತಾಗಿ ಲೇಬ್ರಂ ಮತ್ತು ಮೃದ್ವಸ್ಥಿಯನ್ನು ಜಜ್ಜುತ್ತದೆ. ಆಮೇಲೆ ಸಣ್ಣ ತೂತಿನ ಮೂಲಕ ದುರ್ಬೀನು ಹಾಕಿ ಎಲುಬನ್ನು ಕೆರೆದು ಲೇಬ್ರಂ ಹೊಲಿಯುವ ಶಸ್ತ್ರಚಿಕಿತ್ಸೆ ಬಹಳ ಬೇಗ ಹೆಚ್ಚಿತು.

ಅಳೆದು ನೋಡಿದಾಗ

ಹಾಗಾದರೆ ಕತ್ತರಿಯೋ ಕಸರತ್ತೋ? ವಾರ್ವಿಕ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಬ್ರಿಟನ್ನಿನ 23 ಆಸ್ಪತ್ರೆಗಳು ಇದನ್ನು ಅಳೆದವು. ಫಲಿತಾಂಶ 2018ರಲ್ಲಿ ಲಂಡನ್ನಿನ ಹಳೆಯ ವೈದ್ಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಇಂಥ ತಾಗುವಿಕೆಯ ನೋವಿದ್ದ 348 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ 12ರಿಂದ 24 ವಾರಗಳಲ್ಲಿ 6ರಿಂದ 10 ಸಲ ಫಿಸಿಯೋಥೆರಪಿಸ್ಟರ ಭೇಟಿ. ಪರೀಕ್ಷೆ, ತಿಳಿವಳಿಕೆ, ನೋವು ಕಡಿಮೆ ಮಾಡಲು ನೆರವು, ಆಯಾ ವ್ಯಕ್ತಿಗೆ ಹೊಂದಿಸಿ ಹಂತಹಂತವಾಗಿ ಏರಿಸುವ ವ್ಯಾಯಾಮ.

ವರ್ಷದ ಕೊನೆಗೆ ಎರಡೂ ಗುಂಪು ಸುಧಾರಿಸಿದ್ದವು. ನೂರು ಅಂಕದ ಅಳತೆಯಲ್ಲಿ ಶಸ್ತ್ರಚಿಕಿತ್ಸೆಯವರು ಸುಮಾರು 39ರಿಂದ 59ಕ್ಕೆ, ಫಿಸಿಯೋಥೆರಪಿಯವರು ಸುಮಾರು 36ರಿಂದ 50ಕ್ಕೆ ಏರಿದ್ದರು. ಲೆಕ್ಕ ಸರಿದೂಗಿಸಿದಾಗ ಶಸ್ತ್ರಚಿಕಿತ್ಸೆ 6.8 ಅಂಕ ಮುಂದಿತ್ತು, ಖರ್ಚೂ ಹೆಚ್ಚಿತ್ತು. ಇದರಿಂದ ನಾವು ತಿಳಿಯಬೇಕಾದದ್ದು ಎರಡು. ಕತ್ತರಿ ಹಾಕದೆಯೂ ಒಳ್ಳೆಯ ಸುಧಾರಣೆ ಸಾಧ್ಯ. ಮೂರು ತಿಂಗಳು ಸರಿಯಾಗಿ ಮಾಡಿಯೂ ಗುಣ ಕಾಣದವರಿಗೆ ಶಸ್ತ್ರಚಿಕಿತ್ಸೆಯ ದಾರಿಯೂ ಇದೆ, ಅದರಿಂದ ಪ್ರಯೋಜನ ಆದವರೂ ಇದ್ದಾರೆ.

ಸ್ಕ್ಯಾನ್ ವರದಿಯ ಬಗ್ಗೆಯೂ ಒಂದು ಮಾತು. 2012ರಲ್ಲಿ ಅಮೆರಿಕದಲ್ಲಿ ಹಿಪ್ ನೋವೇ ಇಲ್ಲದ 45 ಮಂದಿಗೆ ಎಂಆರ್‌ಐ ಮಾಡಿದರು. ಅವರಲ್ಲಿ ಶೇ. 69 ಜನರಿಗೆ ಲೇಬ್ರಂ ಹರಿದಂತೆ ಕಂಡಿತು. ಹರಿದ ಲೇಬ್ರಂ ಇಟ್ಟುಕೊಂಡು ನೋವಿಲ್ಲದೆ ಓಡಾಡುವವರು ಬೇಕಾದಷ್ಟು ಜನ. ವರದಿಯ ಪದ ನೋಡಿ ಹೆದರುವ ಮೊದಲು ಕಾಲನ್ನು ಮುಟ್ಟಿ ಆಡಿಸಿ ನೋಡುವವರ ಮಾತು ಕೇಳಬೇಕು.

ನಮ್ಮವರು ಮಾಡಬಹುದಾದದ್ದು

ಹಂಟರ್ ಬರೆದದ್ದು ಇಂದಿಗೂ ಬಹುಮಟ್ಟಿಗೆ ನಿಜ. ಹೋದ ಮೃದ್ವಸ್ಥಿಯನ್ನು ವ್ಯಾಯಾಮ ತಂದುಕೊಡುವುದಿಲ್ಲ. ವ್ಯಾಯಾಮ ತಂದುಕೊಡುವುದು ಅದರ ಸುತ್ತಲಿನ ಬಲವನ್ನು. ಪೃಷ್ಠದ, ತೊಡೆಯ, ಹೊಟ್ಟೆಯ ಸ್ನಾಯುಗಳು ಗಟ್ಟಿಯಾದರೆ ಕೀಲಿನ ಮೇಲೆ ಬೀಳುವ ಭಾರವನ್ನು ಹಂಚಿಕೊಳ್ಳುತ್ತವೆ. ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲೆತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಒಂಟಿಕಾಲಲ್ಲಿ ನಿಲ್ಲುವುದು ಮುಂತಾದವಕ್ಕೆ ಜಿಮ್ ಬೇಡ, ಕ್ಯಾಂಪಿನ ಕೋಣೆ ಸಾಕು. ಆದರೆ ಯಾವುದು, ಎಷ್ಟು, ಯಾವಾಗ ಏರಿಸಬೇಕು ಎಂದು ಒಮ್ಮೆ ಫಿಸಿಯೋಥೆರಪಿಸ್ಟರಿಂದ ಹೇಳಿಸಿಕೊಳ್ಳಿ. ನಾಲ್ಕು ದಿನ ಮಾಡಿ ಬಿಟ್ಟರೆ ಫಲವಿಲ್ಲ; ಕನಿಷ್ಠ 12 ವಾರ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಆ ಅವಧಿಯಲ್ಲಿ ಕೆಲಸವನ್ನು ಸ್ವಲ್ಪ ಹೊಂದಿಸಿಕೊಳ್ಳಬೇಕು. ಟೈಲ್ಸ್ ಕೆಲಸದವರು ಕುಕ್ಕರುಗಾಲಿನ ಬದಲು ಗಿಡ್ಡ ಸ್ಟೂಲು ಬಳಸಬಹುದು. ಚಾಲಕರು ಸೀಟನ್ನು ತುಸು ಎತ್ತರಿಸಿಕೊಳ್ಳಬಹುದು. ಲಾರಿಯಿಂದ ಹಾರದೆ ಕ್ಯಾಬಿನ್ ಕಡೆ ಮುಖ ಮಾಡಿ ಹಿಡಿಕೆ ಹಿಡಿದು ಇಳಿಯಬಹುದು. ಭಾರ ಹಿಡಿದು ತಿರುಗುವಾಗ ಸೊಂಟ ತಿರುಚದೆ ಹೆಜ್ಜೆ ಬದಲಿಸಬೇಕು. ನೆಲದಲ್ಲಿ ಕೂತು ಮಾಡುವ ಪೂಜೆ, ನಮಾಜುಗಳಿಗೆ ಕೆಲಕಾಲ ಕುರ್ಚಿ ಬಳಸುವುದರಲ್ಲಿ ಸಂಕೋಚ ಬೇಡ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು. ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ನೋವಿನ ಜತೆ ಜ್ವರ ಬಂದರೆ, ರಾತ್ರಿಯಿಡೀ ನೋವಿದ್ದು ಮೈ ಇಳಿಯುತ್ತಿದ್ದರೆ, ಕಾಲಿನಲ್ಲಿ ಮರಗಟ್ಟಿದಂತಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೆಚ್ಚು ಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ವಿಪರೀತ ಕುಡಿತ ಇದ್ದವರು, ಸಿಕಲ್ ಸೆಲ್ ಕಾಯಿಲೆ ಇರುವವರು ತೊಡೆಸಂದಿನ ನೋವನ್ನು ಬೇಗ ತೋರಿಸಬೇಕು. ಅಂಥವರಲ್ಲಿ ಗುಂಡಿನ ಎಲುಬಿಗೇ ರಕ್ತ ಸಿಗದೆ ಅದು ಕುಸಿಯುವ ಅಪಾಯವಿದೆ. ಅದಕ್ಕೆ ವ್ಯಾಯಾಮವೊಂದೇ ಸಾಲದು.

ಇದೆಲ್ಲ ಒಬ್ಬರೇ ಮಾಡುವ ಕೆಲಸವೂ ಅಲ್ಲ. ಒಂದೇ ಕೋಣೆಯಲ್ಲಿರುವವರು ಒಬ್ಬರಿಗೊಬ್ಬರು ನೆನಪಿಸಬಹುದು. ನಮ್ಮ ಸಂಘಗಳಲ್ಲಿ ಫಿಸಿಯೋಥೆರಪಿಸ್ಟರೂ ನರ್ಸ್‌ಗಳೂ ಇದ್ದಾರೆ. ರಕ್ತದಾನ ಶಿಬಿರ ನಡೆಸುವಂತೆಯೇ ಒಂದು ಶುಕ್ರವಾರ ಬೆಳಿಗ್ಗೆ ಕೀಲುನೋವಿನ ತಪಾಸಣೆಯನ್ನೂ ಇಟ್ಟುಕೊಂಡರೆ, ಕೆಲಸ ಹೋದೀತೆಂದು ನೋವು ಮುಚ್ಚಿಟ್ಟುಕೊಂಡವರು ನಮ್ಮದೇ ಭಾಷೆಯಲ್ಲಿ ಅದನ್ನು ಹೇಳಿಕೊಂಡಾರು. ಬೇಗ ಹೇಳಿಕೊಂಡವರಿಗೆ ದಾರಿಗಳು ಹೆಚ್ಚು.